ಮೂರು ಆಯಾಮದ ದತ್ತಾಂಶವನ್ನು ತಿರುಗಿಸಿ ನೋಡುವ ಬಗೆ: ಅರಕೇರಾ ಸೀಮೆಯ ನೆಲದ ನಿದರ್ಶನ

ರಾಯಚೂರು ಜಿಲ್ಲೆಯ ದೇವದುರ್ಗ, ಮಾನವಿ ಸೀಮೆಗಳ ನೆಲವು ಹೊರಗಿನವರ ಕಣ್ಣಿಗೆ ಬರಿಯ ಬಯಲಾಗಿ ಕಾಣುತ್ತದೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಇವೆರಡರ ನಡುವೆ ಎರೆಯ ಹೊಲಗಳು, ಅಲ್ಲಲ್ಲಿ ಬಂಡೆಗಲ್ಲಿನ ಗುಡ್ಡಗಳು, ಮಳೆಗಾಲದಲ್ಲಿ ಮಾತ್ರ ತುಂಬಿ ಹರಿಯುವ ಹಳ್ಳಗಳು. ರಾಯಚೂರು ದೋಆಬ್ ಎಂದು ಚರಿತ್ರೆಯಲ್ಲಿ ಹೆಸರಾದ ಈ ಪ್ರದೇಶದೊಳಗಿನ ಊರು ಅರಕೇರಾ. ಅಲ್ಲಿನ ಬೇಸಾಯಗಾರನನ್ನು ಹೊಲದ ಬದುವಿನ ಮೇಲೆ ನಿಲ್ಲಿಸಿ, ಈ ನೆಲ ಯಾವ ಕಡೆಗೆ ಇಳಿದಿದೆಯೆಂದು ಕೇಳಿದರೆ, ಮಳೆಯ ನೀರು ಹರಿದುಹೋಗುವ ದಾರಿಯನ್ನು ನೆನೆದು ಆತನು ತಟ್ಟನೆ ಉತ್ತರ ಹೇಳಬಲ್ಲನು. ಪುಸ್ತಕ ಓದಿ ಬಂದ ನಮಗೆ ಅದು ಅಷ್ಟು ಸುಲಭವಾಗಿ ತಿಳಿಯುವುದಿಲ್ಲ.

ಆದರೆ ಇಂದು ಕಾಲೇಜಿನ ವಿದ್ಯಾರ್ಥಿಯೊಬ್ಬನು ಆ ನೆಲದ ಎತ್ತರಗಳನ್ನು ಅಂಕಿಗಳ ರೂಪದಲ್ಲಿ ಹಣ ಕೊಡದೆ ಪಡೆಯಬಹುದು. ಗಣಕಯಂತ್ರದ ತೆರೆಯ ಮೇಲೆ ಅದನ್ನು ಮೂರು ಆಯಾಮದ ಚಿತ್ರವಾಗಿ ನಿಲ್ಲಿಸಬಹುದು. ಕೈಯಲ್ಲಿ ಹಿಡಿದ ವಸ್ತುವಿನಂತೆ ಅದನ್ನು ತಿರುಗಿಸಿ ಎಲ್ಲ ದಿಕ್ಕುಗಳಿಂದಲೂ ನೋಡಬಹುದು. ಈ ಚಿತ್ರವು ಹೇಗೆ ಹುಟ್ಟುತ್ತದೆ, ಅದನ್ನು ತಿರುಗಿಸಿ ನೋಡುವುದರಿಂದ ಆಗುವ ಲಾಭವೇನು, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಮೂರು ವಿಷಯಗಳನ್ನು ವಿವರಿಸುವುದು ಈ ಲೇಖನದ ಉದ್ದೇಶ. ಮೂರನೆಯದು ಉಳಿದೆರಡಕ್ಕಿಂತ ಮುಖ್ಯವೆಂದು ನಮ್ಮ ಅಭಿಪ್ರಾಯ. ನೆಲದ ಎತ್ತರ ತಗ್ಗುಗಳ ಮಾತು ಈ ಸೀಮೆಯಲ್ಲಿ ನೀರಿನ ಮಾತೇ ಆಗಿರುವುದರಿಂದ, ಚಿತ್ರದಲ್ಲಿ ಆಗುವ ತಪ್ಪು ಚಿತ್ರದಲ್ಲಿಯೇ ಉಳಿಯುವುದಿಲ್ಲ.

ದತ್ತಾಂಶದ ಸ್ವರೂಪ

2000ನೆಯ ಇಸವಿ ಫೆಬ್ರವರಿ ತಿಂಗಳಲ್ಲಿ ಅಮೆರಿಕದ ಎಂಡೆವರ್ ಎಂಬ ಅಂತರಿಕ್ಷ ನೌಕೆಯು ಹನ್ನೊಂದು ದಿನಗಳ ಕಾಲ ಭೂಮಿಯನ್ನು ಸುತ್ತುತ್ತ, ರಾಡಾರಿನ ಅಲೆಗಳಿಂದ ಭೂಮಿಯ ಬಹುಭಾಗದ ಎತ್ತರಗಳನ್ನು ಅಳೆಯಿತು. ನೌಕೆಯ ಒಡಲಿನಲ್ಲಿ ಒಂದು ಆಂಟೆನಾ, ಅದರಿಂದ 60 ಮೀಟರು ದೂರಕ್ಕೆ ಚಾಚಿದ ಕಂಬದ ತುದಿಯಲ್ಲಿ ಇನ್ನೊಂದು. ಒಂದೇ ನೆಲದಿಂದ ಮರಳಿದ ಅಲೆಯು ಇವೆರಡನ್ನೂ ಮುಟ್ಟುವಲ್ಲಿ ಉಂಟಾಗುವ ಅಲ್ಪ ವ್ಯತ್ಯಾಸದಿಂದ ನೆಲದ ಎತ್ತರವನ್ನು ಗಣಿಸಲಾಯಿತು. ನಮ್ಮ ಎರಡು ಕಣ್ಣುಗಳು ಒಂದು ವಸ್ತುವನ್ನು ಬೇರೆ ಬೇರೆ ಕೋನಗಳಿಂದ ಕಂಡು ದೂರವನ್ನು ಗ್ರಹಿಸುವುದಕ್ಕೆ ಇದನ್ನು ಹೋಲಿಸಬಹುದು. ಈ ಕಾರ್ಯವನ್ನು ಎಸ್.ಆರ್.ಟಿ.ಎಂ. ಎಂಬ ಸಂಕ್ಷೇಪದಿಂದ ಕರೆಯುವುದು ವಾಡಿಕೆ.

ಇದರ ಫಲವು ಹಾಳೆಹಾಳೆಯಾಗಿ ದೊರೆಯುತ್ತದೆ. ಒಂದು ಹಾಳೆಯೆಂದರೆ ಒಂದು ಡಿಗ್ರಿ ಅಕ್ಷಾಂಶ, ಒಂದು ಡಿಗ್ರಿ ರೇಖಾಂಶದಷ್ಟು ನೆಲ. ಅದರಲ್ಲಿ ಒಂದೊಂದು ಸೆಕೆಂಡಿಗೆ ಒಂದರಂತೆ, ಸಾಲಿಗೆ 3,601 ಬಿಂದುಗಳ 3,601 ಸಾಲುಗಳಿವೆ. ಒಟ್ಟು 1,29,67,201 ಎತ್ತರಗಳು. ರಾಯಚೂರಿನ ಅಕ್ಷಾಂಶದಲ್ಲಿ ಒಂದು ಸೆಕೆಂಡೆಂದರೆ ಉತ್ತರ ದಕ್ಷಿಣವಾಗಿ ಸುಮಾರು 31 ಮೀಟರು, ಪೂರ್ವ ಪಶ್ಚಿಮವಾಗಿ 30 ಮೀಟರಿಗೆ ತುಸು ಕಡಿಮೆ. ಪ್ರತಿ ಎತ್ತರವನ್ನೂ ಪೂರ್ಣ ಮೀಟರುಗಳಲ್ಲಿ ಬರೆಯಲಾಗಿದೆ. 400 ಮೀಟರು ಉಂಟು, 401 ಉಂಟು, ಇವೆರಡರ ನಡುವೆ ಏನೂ ಇಲ್ಲ.

ಇಂಥ ದತ್ತಾಂಶದಲ್ಲಿ ಪ್ರತಿ ಬಿಂದುವಿಗೂ ಮೂರು ಸಂಖ್ಯೆಗಳು ಇರುತ್ತವೆ: ಅದು ಪೂರ್ವಕ್ಕೆ ಎಷ್ಟು ದೂರ, ಉತ್ತರಕ್ಕೆ ಎಷ್ಟು ದೂರ, ಸಮುದ್ರಮಟ್ಟದಿಂದ ಎಷ್ಟು ಎತ್ತರ. ಕಾಗದವಾದರೋ ಎರಡು ಆಯಾಮದ್ದು. ಮೂರನೆಯದನ್ನು ಅದರ ಮೇಲೆ ಸೂಚಿಸಲು ಭೂಪಟಕಾರರು ಬಹುಕಾಲದಿಂದ ಸಮೋನ್ನತಿ ರೇಖೆಗಳನ್ನು ಬಳಸುತ್ತ ಬಂದಿದ್ದಾರೆ. ಭಾರತೀಯ ಸರ್ವೇಕ್ಷಣ ಇಲಾಖೆಯ 50,000ಕ್ಕೆ 1ರ ಪ್ರಮಾಣದ ಭೂಪಟಗಳಲ್ಲಿ ಈ ರೇಖೆಗಳ ನಡುವಣ ಅಂತರ ಸಾಮಾನ್ಯವಾಗಿ 20 ಮೀಟರು. ಮಲೆನಾಡಿಗೆ ಇದು ಸಾಕು. ಆದರೆ ಬಯಲುಸೀಮೆಯಲ್ಲಿ ಮೈಲಿಗಟ್ಟಲೆ ನಡೆದರೂ ಒಂದು ರೇಖೆಯಿಂದ ಇನ್ನೊಂದಕ್ಕೆ ದಾಟದಿರುವುದುಂಟು. ಎರಡು ರೇಖೆಗಳ ನಡುವೆ ನೆಲವು ಹೇಗೆ ಬಾಗಿದೆಯೆಂಬುದನ್ನು ಓದುಗನು ಊಹಿಸಿಕೊಳ್ಳಬೇಕಾಗುತ್ತದೆ. ಮೂರು ಆಯಾಮದ ಚಿತ್ರದ ಆಸೆ ಹುಟ್ಟುವುದು ಇಲ್ಲಿ.

ಲೈಬ್ರರಿ ಎಂಬ ಸಾಧನ

ಗಣಕಯಂತ್ರದ ಪರಿಭಾಷೆಯಲ್ಲಿ ಲೈಬ್ರರಿ ಎಂದರೆ ಪುಸ್ತಕಗಳ ಭಂಡಾರವಲ್ಲ; ಹಲವರು ಹಲವು ಬಾರಿ ಮಾಡಬೇಕಾಗಿ ಬರುವ ಕೆಲಸಗಳನ್ನು ಒಮ್ಮೆ ಚೆನ್ನಾಗಿ ಬರೆದಿಟ್ಟು, ಬೇಕಾದವರು ಹೆಸರು ಹಿಡಿದು ಕರೆದರೆ ನಡೆಯುವಂತೆ ಮಾಡಿರುವ ವಿಧಿಗಳ ಸಂಗ್ರಹ. ಮೂರು ಆಯಾಮದ ಮೇಲ್ಮೈಯನ್ನು ತೆರೆಯ ಮೇಲೆ ಬರೆಯಲು ಬೇಕಾದ ತ್ರಿಕೋನಮಿತಿ, ಬೆಳಕು ನೆರಳುಗಳ ಲೆಕ್ಕ, ಮರೆಯಾದ ಭಾಗಗಳನ್ನು ಬಿಡುವ ಕ್ರಮ ಇವೆಲ್ಲವನ್ನೂ ಪ್ರತಿಯೊಬ್ಬ ವಿದ್ಯಾರ್ಥಿಯೂ ಹೊಸದಾಗಿ ಬರೆಯಬೇಕಾಗಿಲ್ಲ.

1993ರಲ್ಲಿ ವಿಲ್ ಶ್ರೋಡರ್, ಕೆನ್ ಮಾರ್ಟಿನ್, ಬಿಲ್ ಲೊರೆನ್ಸನ್ ಎಂಬ ಮೂವರು ತಾವು ಬರೆಯುತ್ತಿದ್ದ ಪಠ್ಯಪುಸ್ತಕಕ್ಕೆ ಜೊತೆಯಾಗಿ ರಚಿಸಿದ ವಿ.ಟಿ.ಕೆ. ಎಂಬ ಲೈಬ್ರರಿ ಈ ಕ್ಷೇತ್ರದಲ್ಲಿ ಪ್ರಸಿದ್ಧವಾದುದು. ಅದು ಬಲಶಾಲಿಯಾದರೂ ಹೊಸಬರಿಗೆ ಕಠಿಣ. ಅದನ್ನು ಪೈಥಾನ್ ಭಾಷೆಯಿಂದ ಕೆಲವೇ ಸಾಲುಗಳಲ್ಲಿ ನಡೆಸುವಂತೆ ಮಾಡಿದವರು ನಮ್ಮ ದೇಶದವರೇ ಆದ ಪ್ರಭು ರಾಮಚಂದ್ರನ್. ಈಗ ಅವರು ಮುಂಬಯಿಯ ಐ.ಐ.ಟಿ.ಯಲ್ಲಿ ವಿಮಾನ ಹಾಗೂ ಅಂತರಿಕ್ಷ ಶಾಸ್ತ್ರದ ಪ್ರಾಧ್ಯಾಪಕರು. ತಮ್ಮ ರಚನೆಗೆ ಅವರು ಇಟ್ಟ ಹೆಸರು ಮಾಯಾವಿ. ಇದರ ಎರಡನೆಯ ರೂಪವನ್ನು ವಿವರಿಸುವ ಪ್ರಬಂಧವನ್ನು ಅವರು ಗಾಯೆಲ್ ವರೊಕೊ ಎಂಬ ಫ್ರೆಂಚ್ ವಿದ್ವಾಂಸರೊಡನೆ 2011ರಲ್ಲಿ ಪ್ರಕಟಿಸಿದರು. ಮಾಯಾವಿ ಎಂಬ ಹೆಸರು ಎಷ್ಟು ಉಚಿತವಾದುದೆಂಬುದು ಮುಂದೆ ತಿಳಿಯುವುದು.

ಇದಲ್ಲದೆ ಜಾನ್ ಹಂಟರ್ 2003ರಲ್ಲಿ ಹೊರತಂದ ಮ್ಯಾಟ್‌ಪ್ಲಾಟ್‌ಲಿಬ್ ಕೂಡ ಮೂರು ಆಯಾಮದ ಚಿತ್ರಗಳನ್ನು ಬರೆಯುತ್ತದೆ. ಆದರೆ ಅದು ಮೂಲತಃ ಎರಡು ಆಯಾಮದ ರೇಖಾಚಿತ್ರಗಳಿಗಾಗಿ ಹುಟ್ಟಿದ್ದು. ಎರಡು ವಸ್ತುಗಳು ಒಂದನ್ನೊಂದು ಹಾಯ್ದುಹೋಗುವಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಎಂಬುದನ್ನು ಅದು ಬಿಂದುಬಿಂದುವಿಗೂ ತೀರ್ಮಾನಿಸುವುದಿಲ್ಲ. ಗುಡ್ಡದ ಹಿಂದೆ ಮರೆಯಾಗಬೇಕಾದ ಹಳ್ಳದ ರೇಖೆಯು ಗುಡ್ಡದ ಮೇಲೆಯೇ ಬರೆದಂತೆ ಕಾಣುವ ದೋಷ ಇದರಿಂದ ಉಂಟಾಗುತ್ತದೆ. 2015ರಿಂದ ಎಲ್ಲರಿಗೂ ಮುಕ್ತವಾಗಿರುವ ಪ್ಲಾಟ್ಲಿ ಎಂಬ ಲೈಬ್ರರಿಯದು ಬೇರೆಯೇ ಅನುಕೂಲ: ಅದರಲ್ಲಿ ರಚಿಸಿದ ಚಿತ್ರವನ್ನು ಒಂದೇ ಕಡತವಾಗಿ ಉಳಿಸಿ ಹಂಚಿದರೆ, ಪಡೆದವರು ಬೇರಾವ ಸಾಧನವೂ ಇಲ್ಲದೆ ಬ್ರೌಸರಿನಲ್ಲಿ ತೆರೆದು ತಿರುಗಿಸಬಹುದು. ಪ್ರಯೋಗಶಾಲೆಯ ಸೌಕರ್ಯ ಕಡಿಮೆಯಿರುವ ಕಾಲೇಜುಗಳಿಗೆ ಇದು ಸಣ್ಣ ಉಪಕಾರವಲ್ಲ.

ಕಡತದಿಂದ ಮೇಲ್ಮೈಗೆ

ಅರಕೇರಾ ಸೀಮೆಯ ಚಿತ್ರವನ್ನು ರಚಿಸಹೊರಟ ವಿದ್ಯಾರ್ಥಿಗೆ ಎದುರಾಗುವ ಮೊದಲ ತೊಡಕು ಹಾಳೆಗಳದು. ದೇವದುರ್ಗ ಪಟ್ಟಣವು 76ನೆಯ ರೇಖಾಂಶದಿಂದ ಮೊದಲಾಗುವ ಹಾಳೆಯಲ್ಲಿದೆ. ರಾಯಚೂರು ನಗರವು 77ರಿಂದ ಮೊದಲಾಗುವ ಹಾಳೆಯಲ್ಲಿದೆ. ಇವೆರಡೂ 16ನೆಯ ಅಕ್ಷಾಂಶದ ಉತ್ತರಕ್ಕಿವೆ. ಮಾನವಿಯ ದಕ್ಷಿಣದ ತುಂಗಭದ್ರೆಯನ್ನು ಸೇರಿಸಿಕೊಳ್ಳಬೇಕಾದರೆ 15ರ ಎರಡು ಹಾಳೆಗಳೂ ಬೇಕು. ಹೀಗೆ ನಾಲ್ಕನ್ನು ಜೋಡಿಸಬೇಕಾಗುತ್ತದೆ. ಒಂದು ಹಾಳೆಯ ಕೊನೆಯ ಸಾಲೇ ಪಕ್ಕದ ಹಾಳೆಯ ಮೊದಲ ಸಾಲಾದುದರಿಂದ ಒಂದನ್ನು ಬಿಡಬೇಕು. ಬಿಡದಿದ್ದರೆ ನೆಲದ ನಡುವೆ ಒಂದು ಹುಸಿ ಮೆಟ್ಟಿಲು ಹುಟ್ಟುತ್ತದೆ. ಸರಿಯಾಗಿ ಜೋಡಿಸಿದಾಗ ಸಾಲಿಗೆ 7,201ರಂತೆ 7,201 ಸಾಲುಗಳು, ಎಂದರೆ ಐದು ಕೋಟಿಗೂ ಮೀರಿದ ಬಿಂದುಗಳು ದೊರೆಯುತ್ತವೆ.

ಎರಡನೆಯ ತೊಡಕು ಸಂಖ್ಯೆಗಳನ್ನು ಓದುವುದರಲ್ಲಿದೆ. ಮೂಲ ಕಡತದಲ್ಲಿ ಪ್ರತಿ ಎತ್ತರವನ್ನೂ ಎರಡು ಬೈಟುಗಳಲ್ಲಿ, ದೊಡ್ಡ ಸ್ಥಾನದ ಬೈಟು ಮೊದಲು ಬರುವಂತೆ ಬರೆಯಲಾಗಿದೆ. ನಾವು ಬಳಸುವ ಬಹುಪಾಲು ಯಂತ್ರಗಳ ರೂಢಿ ಇದಕ್ಕೆ ವಿರುದ್ಧ. ಈ ಕ್ರಮವನ್ನು ಪ್ರೋಗ್ರಾಮಿನಲ್ಲಿ ಹೇಳದಿದ್ದರೆ 400 ಮೀಟರಿನ ನೆಲವು ಸಮುದ್ರಮಟ್ಟದಿಂದ 28,671 ಮೀಟರು ಕೆಳಗಿದೆಯೆಂದು ಯಂತ್ರವು ಓದುತ್ತದೆ. ಇಂಥ ಅಸಂಬದ್ಧತೆ ಕೂಡಲೆ ಕಣ್ಣಿಗೆ ಬೀಳುವುದರಿಂದ ಅಪಾಯವಿಲ್ಲ. ಅದಕ್ಕಿಂತ ಸೂಕ್ಷ್ಮವಾದುದು ಲೋಪಸ್ಥಾನಗಳ ಪ್ರಶ್ನೆ. ರಾಡಾರಿಗೆ ಎತ್ತರ ಸಿಕ್ಕದ ಕಡೆಗಳಲ್ಲಿ ಕಡತವು -32,768 ಎಂಬ ಸಂಕೇತವನ್ನು ಹೊತ್ತಿರುತ್ತದೆ. ಅದು ಎತ್ತರವಲ್ಲ, ಎತ್ತರ ತಿಳಿಯದು ಎಂಬ ಹೇಳಿಕೆ. ಅದನ್ನು ಎತ್ತರವೆಂದೇ ಭಾವಿಸಿದರೆ ಬಯಲಿನ ನಡುವೆ ಪಾತಾಳಬಾವಿ ತೆರೆಯುತ್ತದೆ. ಅಕ್ಕಪಕ್ಕದ ಎತ್ತರಗಳ ಸರಾಸರಿಯಿಂದ ಅದನ್ನು ಸದ್ದಿಲ್ಲದೆ ಮುಚ್ಚಿದರೆ, ಯಾರೂ ಅಳೆಯದ ನೆಲವು ಅಳೆದ ನೆಲದಂತೆ ಕಾಣುತ್ತದೆ. ಅಂಥ ಸ್ಥಾನಗಳನ್ನು ಬರಿದಾಗಿ ಬಿಡುವುದು, ಇಲ್ಲವೆ ಬೇರೊಂದು ಬಣ್ಣದಿಂದ ತೋರಿಸುವುದು ಯುಕ್ತ.

ಮೂರನೆಯದು ಮಾನಗಳ ಸಾಮ್ಯ. ಕಡತದಲ್ಲಿ ಪೂರ್ವ, ಉತ್ತರಗಳು ಡಿಗ್ರಿಗಳಲ್ಲಿಯೂ ಎತ್ತರವು ಮೀಟರುಗಳಲ್ಲಿಯೂ ಇರುತ್ತವೆ. ಅವನ್ನು ಹಾಗೆಯೇ ಲೈಬ್ರರಿಗೆ ಒಪ್ಪಿಸಿದರೆ ಅದು ಎರಡನ್ನೂ ಒಂದೇ ಮಾನವೆಂದು ತಿಳಿಯುತ್ತದೆ. ಡಿಗ್ರಿಯ ಹತ್ತನೆಯ ಭಾಗವು ಇಲ್ಲಿ ಹತ್ತು ಕಿಲೋಮೀಟರಿಗೂ ಹೆಚ್ಚು ನೆಲ. ಯಂತ್ರಕ್ಕೆ ಅದು ಒಂದು ಮೀಟರಿನ ಹತ್ತರಲ್ಲೊಂದು ಪಾಲು. ಡಿಗ್ರಿಗಳನ್ನು ಮೊದಲು ಮೀಟರುಗಳಿಗೆ ಪರಿವರ್ತಿಸಿಕೊಳ್ಳಬೇಕೆಂಬುದನ್ನು ವಿದ್ಯಾರ್ಥಿಗಳಿಗೆ ಒತ್ತಿ ಹೇಳಬೇಕು.

ಇಷ್ಟಾದ ಮೇಲೆ ಲೈಬ್ರರಿಯು ನೆರೆಯ ನಾಲ್ಕು ನಾಲ್ಕು ಬಿಂದುಗಳನ್ನು ಹಿಡಿದು, ಪ್ರತಿ ಚೌಕವನ್ನೂ ಎರಡು ತ್ರಿಕೋನಗಳಾಗಿ ಸೀಳಿ, ಅವುಗಳಿಂದ ಮೇಲ್ಮೈಯನ್ನು ಹೊದಿಸುತ್ತದೆ. ಸುಮಾರು 30 ಕಿಲೋಮೀಟರು ಉದ್ದ, ಅಷ್ಟೇ ಅಗಲದ ತುಂಡೊಂದನ್ನು ತೆಗೆದುಕೊಂಡರೆ ಹತ್ತು ಲಕ್ಷ ಬಿಂದುಗಳೂ ಇಪ್ಪತ್ತು ಲಕ್ಷಕ್ಕೆ ಸಮೀಪವಾದ ತ್ರಿಕೋನಗಳೂ ಆಗುತ್ತವೆ. ಸಾಧಾರಣ ಯಂತ್ರವು ಇದರಿಂದ ಬಳಲುವುದುಂಟು. ಆಗ ನಾಲ್ಕಕ್ಕೆ ಒಂದರಂತೆ ಬಿಂದುಗಳನ್ನು ಆಯ್ದುಕೊಳ್ಳುವುದು ರೂಢಿ. ಹೀಗೆ ಮಾಡಿದಾಗ ಬಿಂದುಗಳ ಅಂತರ 120 ಮೀಟರಾಗುತ್ತದೆ. ಅದಕ್ಕಿಂತ ಕಿರಿದಾದ ಹಳ್ಳವು ಚಿತ್ರದಿಂದ ಅಳಿಸಿಹೋಗಬಹುದು. ಹಳ್ಳ ಅಲ್ಲಿಲ್ಲವೆಂದು ಅದರ ಅರ್ಥವಲ್ಲ. ಇದನ್ನು ಚಿತ್ರದ ಕೆಳಗೆ ಬರೆದಿಡುವುದು ರಚಿಸಿದವನ ಹೊಣೆ.

ತಿರುಗಿಸುವುದರ ಪ್ರಯೋಜನ

ಇಲ್ಲಿ ಒಂದು ಶಂಕೆ ಹುಟ್ಟಬಹುದು. ತೆರೆಯೂ ಕಾಗದದಂತೆ ಚಪ್ಪಟೆಯಾದುದೇ ಅಲ್ಲವೆ? ಅದರ ಮೇಲೆ ಬರೆದ ಚಿತ್ರಕ್ಕೆ ಮೂರನೆಯ ಆಯಾಮ ಎಲ್ಲಿಂದ ಬಂದಿತು? ಇದಕ್ಕೆ ಸಮಾಧಾನವಿಷ್ಟು. ಸ್ಥಿರವಾದ ಒಂದು ಚಿತ್ರದಲ್ಲಿ ಮೂರನೆಯ ಆಯಾಮವು ಕಳೆದುಹೋಗಿಯೇ ಇರುತ್ತದೆ. ಚಲನೆಯಲ್ಲಿ ಅದು ಮರಳಿ ದೊರೆಯುತ್ತದೆ. ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ಬಸ್ಸಿನ ಕಿಟಕಿಯ ಬಳಿ ಕುಳಿತವರು ಇದನ್ನು ಅನುಭವಿಸಿರುತ್ತಾರೆ. ದಾರಿಯಂಚಿನ ಜಾಲಿಯ ಮರಗಳು ಹಿಂದಕ್ಕೆ ಓಡುತ್ತವೆ. ನಡುವಣ ಹೊಲಗಳು ಮೆಲ್ಲಗೆ ಸರಿಯುತ್ತವೆ. ದೂರದ ಗುಡ್ಡವು ನಮ್ಮೊಡನೆಯೇ ಬರುತ್ತಿರುವಂತೆ ತೋರುತ್ತದೆ. ಈ ವೇಗಗಳ ತಾರತಮ್ಯದಿಂದಲೇ ಯಾವುದು ಹತ್ತಿರ, ಯಾವುದು ದೂರ ಎಂಬುದನ್ನು ಮನಸ್ಸು ತೀರ್ಮಾನಿಸುತ್ತದೆ. ತೆರೆಯ ಮೇಲಿನ ಚಿತ್ರವನ್ನು ಕೈಯಿಂದ ತಿರುಗಿಸಿದಾಗ ನಡೆಯುವುದೂ ಇದೇ.

ತಿರುಗಿಸುವಾಗ ದತ್ತಾಂಶವು ಬದಲಾಗುವುದಿಲ್ಲವೆಂಬುದನ್ನು ಮನಗಾಣಬೇಕು. ಬದಲಾಗುವುದು ನೋಡುವ ಕಣ್ಣಿನ ಸ್ಥಾನ. ಕಣ್ಣನ್ನು ಒಂದು ಕೋನದಷ್ಟು ಸರಿಸಿದರೆ ಪ್ರತಿ ಬಿಂದುವಿನ ಹೊಸ ಸ್ಥಾನವು, ಹಳೆಯ ಪೂರ್ವ ಹಾಗೂ ಉತ್ತರ ದೂರಗಳನ್ನು ಆ ಕೋನದ ಸೈನು, ಕೊಸೈನುಗಳಿಂದ ಗುಣಿಸಿ ಕೂಡಿಸುವುದರಿಂದ, ಕಳೆಯುವುದರಿಂದ ದೊರೆಯುತ್ತದೆ. ಇದು ಪದವಿಯ ಮೊದಲ ವರ್ಷದ ಗಣಿತವೇ. ಲಕ್ಷಾಂತರ ಬಿಂದುಗಳಿಗೆ ಅದನ್ನು ಸೆಕೆಂಡಿಗೆ ಹಲವಾರು ಬಾರಿ ಮಾಡುವುದು ಚಿತ್ರಕ್ಕೆಂದೇ ಇರುವ ಯಂತ್ರಭಾಗದ ಕೆಲಸ.

ನೇರವಾಗಿ ಮೇಲಿನಿಂದ ನೋಡಿದರೆ ಚಿತ್ರವು ಭೂಪಟವಾಗುತ್ತದೆ. ಪಕ್ಕದಿಂದ ನೋಡಿದರೆ ನೆಲದ ಅಂಚಿನ ರೂಪರೇಖೆಯಾಗುತ್ತದೆ. ಇವೆರಡರ ನಡುವಣ ನೋಟಗಳಲ್ಲಿ ಗುಡ್ಡದ ಮುಂದಿನ ಮೈ ಕಾಣುವಾಗ ಹಿಂದಿನದು ಮರೆಯಾಗಿರುತ್ತದೆ. ತಿರುಗಿಸಿದರೆ ಮರೆಯಾದುದು ಬೆಳಕಿಗೆ ಬರುತ್ತದೆ. ಅಚ್ಚಾದ ಚಿತ್ರದಲ್ಲಿ ಯಾವ ಕಡೆಯಿಂದ ನೋಡಬೇಕೆಂಬುದನ್ನು ರಚಿಸಿದವನು ಓದುಗನ ಪರವಾಗಿ ತೀರ್ಮಾನಿಸಿಬಿಟ್ಟಿರುತ್ತಾನೆ. ತಿರುಗುವ ಚಿತ್ರದಲ್ಲಿ ಆ ಅಧಿಕಾರವು ಓದುಗನಿಗೆ ಮರಳುತ್ತದೆ. ಒಂದು ಬಿಂದುವಿನ ಮೇಲೆ ಗುರುತಿಟ್ಟು ಅಲ್ಲಿನ ಎತ್ತರದ ಅಂಕಿಯನ್ನೇ ಕೇಳಿ ಪಡೆಯುವ ಸೌಕರ್ಯವೂ ಇದೆ. ಕಣ್ಣಿನ ಭಾವನೆಯನ್ನು ಸಂಖ್ಯೆಯಿಂದ ಪರೀಕ್ಷಿಸುವ ಈ ಅಭ್ಯಾಸವನ್ನು ತರಗತಿಯಲ್ಲಿ ತಪ್ಪದೆ ಮಾಡಿಸಬೇಕು.

ಉತ್ಪ್ರೇಕ್ಷೆಯ ಪ್ರಶ್ನೆ

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಮೇಲೆ ಹೇಳಿದ 30 ಕಿಲೋಮೀಟರಿನ ತುಂಡಿನಲ್ಲಿ ಅತ್ಯಂತ ಎತ್ತರದ ಹಾಗೂ ಅತ್ಯಂತ ತಗ್ಗಿನ ಬಿಂದುಗಳ ಅಂತರ 100 ಮೀಟರೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಇದನ್ನು 30 ಸೆಂಟಿಮೀಟರು ಅಗಲದ ತೆರೆಯ ಮೇಲೆ ಯಥಾಪ್ರಮಾಣದಲ್ಲಿ ಬರೆದರೆ ಒಟ್ಟು ಎತ್ತರ ಒಂದು ಮಿಲಿಮೀಟರು ಮಾತ್ರ. ನೆಲವು ಮೇಜಿನ ಹಲಗೆಯಂತೆ ಕಾಣುತ್ತದೆ. ತಿರುಗಿಸಿದರೂ ಏನೂ ತಿಳಿಯದು. ಆದುದರಿಂದ ಎತ್ತರವನ್ನು ಮಾತ್ರ ಹಲವು ಪಟ್ಟು ಹಿಗ್ಗಿಸುವುದು ಅನಿವಾರ್ಯ. ಇದಕ್ಕೆ ಊರ್ಧ್ವ ಉತ್ಪ್ರೇಕ್ಷೆ ಎನ್ನಬಹುದು. ಇಪ್ಪತ್ತು ಪಟ್ಟು ಹಿಗ್ಗಿಸಿದರೆ ಒಂದು ಮಿಲಿಮೀಟರು ಎರಡು ಸೆಂಟಿಮೀಟರಾಗುತ್ತದೆ. ಹಳ್ಳಗಳ ಕಣಿವೆಗಳು ಗೋಚರಿಸತೊಡಗುತ್ತವೆ.

ಆದರೆ ಇದರೊಡನೆ ಇಳುಕಲುಗಳೂ ಹಿಗ್ಗುತ್ತವೆ. ನೂರಕ್ಕೆ ಒಂದರ ಇಳುಕಲಿನ ಕೋನ ನಿಜವಾಗಿ ಅರ್ಧ ಡಿಗ್ರಿಗಿಂತ ತುಸು ಹೆಚ್ಚು. ಅದರ ಮೇಲೆ ನಡೆಯುವವನಿಗೆ ಏರು ಇದೆಯೆಂದೇ ತೋರದು. ಇಪ್ಪತ್ತು ಪಟ್ಟಿನ ಚಿತ್ರದಲ್ಲಿ ಅದು 11 ಡಿಗ್ರಿಯ ಏರಾಗುತ್ತದೆ.

ಲೈಬ್ರರಿಗಳು ಈ ಹಿಗ್ಗಿಸುವಿಕೆಯನ್ನು ನಮ್ಮನ್ನು ಕೇಳದೆಯೂ ಮಾಡಬಲ್ಲವೆಂಬುದೇ ಗಮನಿಸಬೇಕಾದ ಅಂಶ. ಮಾಯಾವಿಯಲ್ಲಿ ಮೇಲ್ಮೈ ಬರೆಯುವ ವಿಧಿಗೆ ಎತ್ತರದ ಪ್ರಮಾಣವನ್ನು ನಾವೇ ಸಂಖ್ಯೆಯಾಗಿ ಕೊಡಬಹುದು. ಅದನ್ನು ತಾನಾಗಿ ನಿರ್ಣಯಿಸುವಂತೆಯೂ ಹೇಳಬಹುದು. ಹಾಗೆ ಹೇಳಿದರೆ ಅದು ಕಣ್ಣಿಗೆ ಹಿತವಾದ ಪ್ರಮಾಣವನ್ನು ಆರಿಸಿಕೊಳ್ಳುತ್ತದೆ, ನೆಲಕ್ಕೆ ಸಮನಾದುದನ್ನಲ್ಲ. ಪ್ಲಾಟ್ಲಿಯಲ್ಲಿ ನಾವು ಏನನ್ನೂ ಹೇಳದೆ ಬಿಟ್ಟರೆ ಅದು ಮೂರು ಅಕ್ಷಗಳ ಉದ್ದಗಳನ್ನು ಹೋಲಿಸಿ ನೋಡುತ್ತದೆ. ಅತಿ ದೊಡ್ಡದು ಅತಿ ಚಿಕ್ಕದಕ್ಕಿಂತ ನಾಲ್ಕು ಪಟ್ಟಿಗೂ ಮೀರಿದ್ದರೆ, ಮೂರನ್ನೂ ಸಮ ಉದ್ದಕ್ಕೆ ಎಳೆದು ಚಿತ್ರವನ್ನು ಘನಾಕೃತಿಯ ಪೆಟ್ಟಿಗೆಯೊಳಗೆ ಕೂರಿಸುತ್ತದೆ. ನಮ್ಮ ನಿದರ್ಶನದಲ್ಲಿ ಒಂದು ಕಡೆ 30,000 ಮೀಟರು, ಇನ್ನೊಂದು ಕಡೆ 100 ಮೀಟರು. ಎಂದರೆ ಎತ್ತರವು ಮುನ್ನೂರು ಪಟ್ಟು ಹಿಗ್ಗುತ್ತದೆ. ನೂರಕ್ಕೆ ಒಂದರ ಇಳುಕಲು ಆಗ 71 ಡಿಗ್ರಿಗೂ ಮೀರಿದ ಕಡಿದಾದ ಗೋಡೆಯಾಗಿ ನಿಲ್ಲುತ್ತದೆ. ಅರಕೇರಾ ಸೀಮೆಯ ಬಯಲು ಹಿಮಾಲಯದ ಕೋಡುಗಳನ್ನು ನಾಚಿಸುವಂತಾಗುತ್ತದೆ. ಪ್ರೋಗ್ರಾಮಿನಲ್ಲಿ ತಪ್ಪಿಲ್ಲ, ದತ್ತಾಂಶದಲ್ಲಿ ತಪ್ಪಿಲ್ಲ, ಆದರೂ ಚಿತ್ರವು ಸುಳ್ಳು ಹೇಳುತ್ತದೆ. ಮಾಯಾವಿ ಎಂಬ ಹೆಸರು ಇಂಥ ಸಾಧನಗಳೆಲ್ಲಕ್ಕೂ ಸಲ್ಲುವಂಥದೆಂದು ನಾವು ಸೂಚಿಸಿದುದು ಇದಕ್ಕಾಗಿ.

ನಮ್ಮ ಆಲಂಕಾರಿಕರು ಉತ್ಪ್ರೇಕ್ಷೆಯನ್ನು ದೋಷವೆನ್ನಲಿಲ್ಲ, ಅಲಂಕಾರವೆಂದರು. ಮುಖವನ್ನು ಚಂದ್ರನೋ ಎಂಬಂತೆ ಎಂದು ಕವಿಯು ವರ್ಣಿಸುವಾಗ, ಎಂಬಂತೆ ಎಂಬ ಮಾತೇ ಇದು ಕಲ್ಪನೆಯೆಂದು ಓದುಗನಿಗೆ ಎಚ್ಚರಿಕೆ ಕೊಡುತ್ತದೆ. ಚಿತ್ರದಲ್ಲಿಯೂ ಅಂಥ ವಾಚಕವೊಂದು ಇರಬೇಕು. ಎತ್ತರವನ್ನು ಇಪ್ಪತ್ತು ಪಟ್ಟು ಹಿಗ್ಗಿಸಿದೆ ಎಂಬ ಒಂದು ಸಾಲು ಸಾಕು. ಇನ್ನೂ ಮೇಲಾದ ಕ್ರಮವೆಂದರೆ, ಪ್ರಮಾಣವನ್ನು ಓದುಗನೇ ಒಂದರಿಂದ ಇಪ್ಪತ್ತರವರೆಗೆ ಜರುಗಿಸಿ ನೋಡುವಂತೆ ಚಿತ್ರದ ಪಕ್ಕದಲ್ಲಿ ಒಂದು ಜಾರುಗುಂಡಿಯನ್ನು ಇಡುವುದು. ಮೇಲೆ ಹೇಳಿದ ಲೈಬ್ರರಿಗಳಲ್ಲಿ ಇದು ಕಷ್ಟದ ಕೆಲಸವಲ್ಲ. ಒಂದಕ್ಕೆ ಇಳಿಸಿದಾಗ ಗುಡ್ಡಗಳೆಲ್ಲ ಕುಗ್ಗಿ ನೆಲವು ಚಪ್ಪಟೆಯಾಗುವುದನ್ನು ಒಮ್ಮೆ ತನ್ನ ಕೈಯಿಂದಲೇ ಮಾಡಿ ನೋಡಿದ ವಿದ್ಯಾರ್ಥಿಯು ಅನಂತರ ಯಾವ ಚಿತ್ರಕ್ಕೂ ಸುಲಭವಾಗಿ ಮರುಳಾಗುವುದಿಲ್ಲ.

ಬಣ್ಣದ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಕಾಮನಬಿಲ್ಲಿನ ಬಣ್ಣಗಳನ್ನು ಎತ್ತರಕ್ಕೆ ಹೊಂದಿಸುವ ರೂಢಿ ಬಹುಕಾಲ ಇದ್ದಿತು. ಹಳದಿಯಿಂದ ಕೆಂಪಿಗೆ ತಿರುಗುವಲ್ಲಿ ಕಣ್ಣಿಗೆ ಒಂದು ಗೆರೆ ಎಳೆದಂತೆ ತೋರುತ್ತದೆ. ನೆಲದಲ್ಲಿ ಅಂಥ ಅಂಚು ಯಾವುದೂ ಇರುವುದಿಲ್ಲ. ಈ ಕಾರಣದಿಂದ ಮ್ಯಾಟ್‌ಪ್ಲಾಟ್‌ಲಿಬ್ 2017ರಲ್ಲಿ ಹೊರಬಂದ ತನ್ನ ಎರಡನೆಯ ಆವೃತ್ತಿಯಲ್ಲಿ ಕಾಮನಬಿಲ್ಲಿನ ಕ್ರಮವನ್ನು ಕೈಬಿಟ್ಟು, ಕಡುನೇರಳೆಯಿಂದ ಹಳದಿಯವರೆಗೆ ಸಮವಾಗಿ ಬೆಳಕೇರುವ ವಿರಿಡಿಸ್ ಎಂಬ ಕ್ರಮವನ್ನು ಸಹಜ ಆಯ್ಕೆಯಾಗಿ ಇಟ್ಟುಕೊಂಡಿತು.

ಕಾಲುವೆ ಮತ್ತು ಚಿತ್ರ

ಇಷ್ಟೊಂದು ಎಚ್ಚರಿಕೆ ಏತಕ್ಕೆಂದು ವಾಚಕರು ಕೇಳಬಹುದು. ಈ ಸೀಮೆಯ ಸ್ಥಿತಿಯೇ ಅದಕ್ಕೆ ಉತ್ತರ. ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಬಲದಂಡೆ ಕಾಲುವೆಯು ಲಿಂಗಸುಗೂರು, ದೇವದುರ್ಗಗಳ ಕಡೆಗೆ ನೀರನ್ನು ತರುತ್ತದೆ. ಮಾನವಿಯ ಕಡೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುತ್ತದೆ. ಕಾಲುವೆಯ ಕೊನೆಯ ಭಾಗದ ಹೊಲಗಳಿಗೆ ನೀರು ತಲುಪುವುದಿಲ್ಲವೆಂಬ ಅಹವಾಲು ಈ ಜಿಲ್ಲೆಯಲ್ಲಿ ಹೊಸದಲ್ಲ. ಅದಕ್ಕೆ ಕಾರಣಗಳು ಹಲವು: ಮೇಲ್ಭಾಗದಲ್ಲಿ ಹೆಚ್ಚು ನೀರು ಬಯಸುವ ಭತ್ತದ ಬೆಳೆ, ಹೂಳು, ಸೋರಿಕೆ, ನೀರಿನ ಹಂಚಿಕೆಯ ಕ್ರಮ. ಇವುಗಳ ನಡುವೆ ಯಾರಾದರೂ ಮುನ್ನೂರು ಪಟ್ಟು ಹಿಗ್ಗಿದ ಬಣ್ಣದ ಚಿತ್ರವೊಂದನ್ನು ಸಭೆಯಲ್ಲಿ ತೋರಿಸಿ, ನಿಮ್ಮ ಹೊಲ ಎತ್ತರದಲ್ಲಿದೆ, ಅದಕ್ಕೇ ನೀರು ಏರುವುದಿಲ್ಲ ಎಂದರೆ, ಕೊನೆಯ ಭಾಗದ ಬೇಸಾಯಗಾರನು ಏನು ಹೇಳಬಲ್ಲನು? ಯಂತ್ರವು ಬರೆದ ಚಿತ್ರಕ್ಕೆ ಒಂದು ಗಾಂಭೀರ್ಯವಿರುತ್ತದೆ. ಅದನ್ನು ಪ್ರಶ್ನಿಸಲು ವಿದ್ಯೆ ಬೇಕಾಗುತ್ತದೆ.

ಈ ಪ್ರಶ್ನೆಯನ್ನು ಅಂಕಿಗಳಿಂದ ಪರೀಕ್ಷಿಸೋಣ. ದೊಡ್ಡ ಕಾಲುವೆಗಳ ಇಳಿವು 5,000ಕ್ಕೆ 1, 10,000ಕ್ಕೆ 1 ಎಂಬಷ್ಟು ಅಲ್ಪವಾಗಿರುವುದುಂಟು. ಎಂದರೆ ಹತ್ತು ಕಿಲೋಮೀಟರು ದೂರಕ್ಕೆ ಕಾಲುವೆಯ ತಳವು ಇಳಿಯುವುದು ಒಂದೋ ಎರಡೋ ಮೀಟರು. ಹೊಲಕ್ಕೆ ನೀರು ಹತ್ತುವುದೋ ಇಲ್ಲವೋ ಎಂಬುದು ಗೇಣಿನ ಲೆಕ್ಕದಲ್ಲಿ ನಿಶ್ಚಯವಾಗುತ್ತದೆ. ಎಸ್.ಆರ್.ಟಿ.ಎಂ. ಕಾರ್ಯವು ತನಗೆ ಹಾಕಿಕೊಂಡ ಗುರಿಯಾದರೋ, ನೂರರಲ್ಲಿ ತೊಂಬತ್ತು ಪಾಲು ಎತ್ತರಗಳಲ್ಲಿ ದೋಷವು 16 ಮೀಟರನ್ನು ಮೀರಬಾರದೆಂಬುದು. ಬಹುಪಾಲು ಕಡೆಗಳಲ್ಲಿ ದೋಷವು ಇದಕ್ಕಿಂತ ಕಡಿಮೆಯೆಂದು ಪರೀಕ್ಷೆಗಳಿಂದ ಕಂಡುಬಂದಿದೆಯಾದರೂ, ಅದು ಇನ್ನೂ ಮೀಟರುಗಳ ಲೆಕ್ಕದ್ದೇ. ಸಾಲದುದಕ್ಕೆ ರಾಡಾರು ನೆಲವನ್ನು ಮಾತ್ರವಲ್ಲದೆ ಮರದ ತಲೆಯನ್ನೂ ಮನೆಯ ಮಾಳಿಗೆಯನ್ನೂ ನೆಲವೆಂದೇ ಎಣಿಸಿಕೊಂಡಿರುವುದುಂಟು. ಮೀಟರುಗಳ ದೋಷವಿರುವ ದತ್ತಾಂಶದಿಂದ ಗೇಣಿನ ಪ್ರಶ್ನೆಗೆ ಉತ್ತರ ಸಿಕ್ಕುವುದು ಅಸಾಧ್ಯ. ಚಿತ್ರವನ್ನು ಎಷ್ಟು ಹಿಗ್ಗಿಸಿದರೂ, ಎಷ್ಟು ನಯವಾಗಿ ತಿರುಗಿಸಿದರೂ, ಕಡತದಲ್ಲಿ ಇಲ್ಲದ ಸೂಕ್ಷ್ಮತೆ ಅದರೊಳಗೆ ಹುಟ್ಟಲಾರದು. ಅದಕ್ಕೆ ಲೆವೆಲ್ ಯಂತ್ರವನ್ನೂ ಅಳತೆಗೋಲನ್ನೂ ಹಿಡಿದು ಹೊಲಕ್ಕೇ ಹೋಗಬೇಕು.

ಹಾಗಾದರೆ ಚಿತ್ರದಿಂದ ಪ್ರಯೋಜನವಿಲ್ಲವೆ? ಇದೆ. ಯಾವ ಹಳ್ಳವು ಕೃಷ್ಣೆಯ ಕಡೆಗೆ, ಯಾವುದು ತುಂಗಭದ್ರೆಯ ಕಡೆಗೆ ತಿರುಗಿದೆ. ಎರಡು ನದಿಗಳ ನೀರನ್ನು ಬೇರ್ಪಡಿಸುವ ದಿಣ್ಣೆಯು ಸ್ಥೂಲವಾಗಿ ಎಲ್ಲಿ ಹಾದುಹೋಗುತ್ತದೆ. ಬಂಡೆಯ ಗುಡ್ಡಗಳಿಂದ ಇಳಿದ ನೀರು ಎಲ್ಲಿ ಕೂಡುತ್ತದೆ ಎಂಬಂಥ ದೊಡ್ಡ ಪ್ರಶ್ನೆಗಳಿಗೆ ಅದು ಚೆನ್ನಾಗಿ ಉತ್ತರ ಹೇಳುತ್ತದೆ. ಲೆವೆಲ್ ಯಂತ್ರವನ್ನು ಮೊದಲು ಎಲ್ಲಿಗೆ ಒಯ್ಯಬೇಕೆಂಬುದನ್ನೂ ಅದು ತಿಳಿಸಬಲ್ಲದು. ಅಳತೆಗೆ ದಾರಿ ತೋರಿಸುವುದು ಅದರ ಕೆಲಸ. ಅಳತೆಯ ಸ್ಥಾನದಲ್ಲಿ ಕುಳಿತುಕೊಳ್ಳುವುದಲ್ಲ.

ನೆಲದೊಳಗಿನ ದತ್ತಾಂಶ

ಇದುವರೆಗೆ ಹೇಳಿದುದು ಮೇಲ್ಮೈಯ ಮಾತು. ಅಲ್ಲಿ ಒಂದು ಸ್ಥಾನಕ್ಕೆ ಒಂದೇ ಎತ್ತರ. ನಿಜವಾಗಿ ಮೂರು ಆಯಾಮದ್ದೆನ್ನಿಸುವ ದತ್ತಾಂಶಕ್ಕೂ ಇದೇ ಜಿಲ್ಲೆಯಲ್ಲಿ ನಿದರ್ಶನವುಂಟು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಅದಿರು ಕಡಿದಾಗಿ ಇಳಿಯುವ ಪದರಗಳಲ್ಲಿ ದೊರೆಯುತ್ತದೆ. ಅಂಥ ಗಣಿಗಳಲ್ಲಿ ಭೂಮಿಗೆ ಕೊರೆದ ರಂಧ್ರಗಳಿಂದ ತೆಗೆದ ಕಲ್ಲಿನ ಕಂಬಗಳನ್ನು ಅಳತೆಯಿಟ್ಟು ಪರೀಕ್ಷಿಸಿ, ಇಂಥ ಆಳದಲ್ಲಿ ಇಷ್ಟು ಚಿನ್ನವೆಂದು ಬರೆದಿಡುತ್ತಾರೆ. ಒಂದೇ ಸ್ಥಾನದ ಕೆಳಗೆ ಆಳ ಆಳಕ್ಕೂ ಬೇರೆ ಬೇರೆ ಬೆಲೆಯಿರುವುದರಿಂದ ಹೊದಿಕೆಯಂಥ ಒಂದು ಮೇಲ್ಮೈ ಸಾಲದು. ಇಂಥಲ್ಲಿ ಒಂದೇ ಬೆಲೆಯಿರುವ ಬಿಂದುಗಳನ್ನೆಲ್ಲ ಸೇರಿಸುವ ಸಮಬೆಲೆಯ ಮೇಲ್ಮೈಯನ್ನು ಬರೆಯುತ್ತಾರೆ. ನೆಲವನ್ನು ಸಣ್ಣ ಸಣ್ಣ ಘನಗಳಾಗಿ ವಿಭಾಗಿಸಿ, ಪ್ರತಿ ಘನದ ಎಂಟು ಮೂಲೆಗಳ ಬೆಲೆಗಳನ್ನು ನೋಡಿ, ಮೇಲ್ಮೈಯು ಅದನ್ನು ಹೇಗೆ ಸೀಳುತ್ತದೆಂದು ನಿರ್ಣಯಿಸುವ ಕ್ರಮವನ್ನು ಲೊರೆನ್ಸನ್ ಮತ್ತು ಹಾರ್ವೆ ಕ್ಲೈನ್ 1987ರಲ್ಲಿ ಪ್ರಕಟಿಸಿದರು. ಅದು ಮೊದಲು ವೈದ್ಯಕೀಯ ಚಿತ್ರಗಳಿಗಾಗಿ ಹುಟ್ಟಿ, ಇಂದು ವಿ.ಟಿ.ಕೆ.ಯಲ್ಲಿಯೂ ಅದರ ಮೂಲಕ ಮಾಯಾವಿಯಲ್ಲಿಯೂ ಸೇರಿಕೊಂಡಿದೆ.

ಎಚ್ಚರದ ಮಾತು ಇಲ್ಲಿ ಇನ್ನೂ ಬಲವಾಗಿ ಅನ್ವಯಿಸುತ್ತದೆ. ಅಳೆದದ್ದು ರಂಧ್ರಗಳ ಸಾಲಿನಲ್ಲಿ ಮಾತ್ರ. ಅವುಗಳ ನಡುವಣ ಕಲ್ಲನ್ನು ಯಾರೂ ಕಂಡಿಲ್ಲ. ಲೈಬ್ರರಿಯು ನಡುವಣ ಬೆಲೆಗಳನ್ನು ಗಣಿಸಿ ಹೊಳೆಯುವ ನುಣುಪಾದ ಆಕೃತಿಯೊಂದನ್ನು ನಿಲ್ಲಿಸಿದಾಗ, ಅಳೆದುದಕ್ಕೂ ಊಹಿಸಿದುದಕ್ಕೂ ನೋಟದಲ್ಲಿ ಭೇದವೇ ಉಳಿಯುವುದಿಲ್ಲ. ಕೊರೆದ ರಂಧ್ರಗಳನ್ನೂ ಅದೇ ಚಿತ್ರದಲ್ಲಿ ಗೆರೆಗಳಾಗಿ ತೋರಿಸಿ, ಆಕೃತಿಯನ್ನು ತಿರುಗಿಸಿ, ಅದರ ಯಾವ ಭಾಗಕ್ಕೆ ಸಾಕ್ಷಿಯುಂಟು, ಯಾವ ಭಾಗಕ್ಕೆ ಇಲ್ಲ ಎಂದು ನೋಡುವುದು ಸರಿಯಾದ ಮಾರ್ಗ. ಕೊಳವೆಬಾವಿಗಳ ಅಂತರ್ಜಲದ ಮಟ್ಟವನ್ನು ಚಿತ್ರಿಸುವಾಗಲೂ ಈ ಮಾತು ಸಲ್ಲುತ್ತದೆ.

ಉಪಸಂಹಾರ

ಮೂರು ಆಯಾಮದ ಚಿತ್ರವನ್ನು ರಚಿಸುವ ಕೌಶಲ ಇಂದು ದುರ್ಲಭವಲ್ಲ. ಹತ್ತು ಹನ್ನೆರಡು ಸಾಲುಗಳ ಪ್ರೋಗ್ರಾಮಿನಿಂದ ಅದು ಸಾಧ್ಯವಾಗುತ್ತದೆ. ಕಲಿಸಬೇಕಾದುದು ಅದರ ಹಿಂದಿನ ವಿವೇಕ. ನಮ್ಮ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ನೆಲವನ್ನೇ ಆರಿಸಿಕೊಂಡು ಇಂಥ ಚಿತ್ರವನ್ನು ರಚಿಸಲಿ ಎಂದು ನಾವು ಸೂಚಿಸುತ್ತೇವೆ. ಪ್ರತಿ ಚಿತ್ರದ ಕೆಳಗೂ ಐದು ವಿವರಗಳು ತಪ್ಪದೆ ಇರಬೇಕು: ದತ್ತಾಂಶವು ಎಲ್ಲಿಯದು, ಯಾವ ವರ್ಷದ್ದು, ಬಿಂದುಗಳ ಅಂತರವೆಷ್ಟು, ಎತ್ತರವನ್ನು ಎಷ್ಟು ಪಟ್ಟು ಹಿಗ್ಗಿಸಿದೆ, ಅಳತೆಯಲ್ಲಿ ಇರಬಹುದಾದ ದೋಷವೆಷ್ಟು.

ಅನಂತರ ವಿದ್ಯಾರ್ಥಿಯು ಆ ಚಿತ್ರವನ್ನು ಊರಿಗೆ ಒಯ್ದು ಹಿರಿಯ ಬೇಸಾಯಗಾರನೊಬ್ಬನಿಗೆ ತೋರಿಸಿ, ತಿರುಗಿಸುವುದನ್ನು ಹೇಳಿಕೊಟ್ಟು, ನೀರು ಇಲ್ಲಿ ಹೀಗೆ ಹರಿಯುವುದು ನಿಜವೇ ಎಂದು ಕೇಳಲಿ. ಆತನು ಅಲ್ಲ ಎಂದರೆ, ಪ್ರೋಗ್ರಾಮನ್ನು ತಿದ್ದುವುದಕ್ಕೆ ಮುಂಚೆ ಇಬ್ಬರೂ ಕೂಡಿ ಒಮ್ಮೆ ಹಳ್ಳದ ದಂಡೆಗೆ ಹೋಗಿ ನೋಡಿಬರುವುದು ಮೇಲು.